ಬಣ್ಣದ ಬಟ್ಟೆಯೂ ಸಾಕ್ಷಿಯ ಮುದ್ರೆಯೂ

ಇಂಗ್ಲೆಂಡಿನ ದೊರೆಯಾದ ಒಂದನೆಯ ರಿಚರ್ಡನ ಆಳ್ವಿಕೆಯಲ್ಲಿ, 1196ರಲ್ಲಿ, ರಾಜ್ಯದ ತೂಕ ಅಳತೆಗಳನ್ನು ಏಕರೂಪಕ್ಕೆ ತರುವುದಕ್ಕಾಗಿ ಹೊರಟ ಕಟ್ಟಳೆಯೊಂದುಂಟು. ಉಣ್ಣೆಯ ಬಟ್ಟೆಯ ಪನ್ನ ಎಷ್ಟಿರಬೇಕು, ನಡುವಿನಲ್ಲಿಯೂ ಅಂಚುಗಳಲ್ಲಿಯೂ ಅದರ ಗುಣ ಹೇಗೆ ಸಮನಾಗಿರಬೇಕು, ಕಪ್ಪನ್ನುಳಿದು ಮಿಕ್ಕ ಬಣ್ಣಗಳನ್ನು ಮಾರಾಟಕ್ಕಾಗಿ ಹಾಕುವ ಕೆಲಸ ನಗರಗಳಲ್ಲಿಯೂ ಮುಖ್ಯ ಪಟ್ಟಣಗಳಲ್ಲಿಯೂ ಮಾತ್ರ ನಡೆಯತಕ್ಕದ್ದು ಎಂಬಿವೇ ಮೊದಲಾದ ವಿಧಿಗಳ ನಡುವೆ, ಓದುಗನನ್ನು ತಡೆದು ನಿಲ್ಲಿಸುವಂಥ ಒಂದು ನಿಷೇಧ ಅದರಲ್ಲಿದೆ: ಯಾವ ವರ್ತಕನೂ ತನ್ನ ಅಂಗಡಿಯ ಮುಂದೆ ಕೆಂಪು ಅಥವಾ ಕಪ್ಪು ಬಟ್ಟೆಗಳನ್ನಾಗಲಿ, ಗುರಾಣಿಗಳನ್ನಾಗಲಿ, ಒಳ್ಳೆಯ ಬಟ್ಟೆಯನ್ನು ಆರಿಸುವಾಗ ಕೊಳ್ಳುವವರ ದೃಷ್ಟಿ ವಂಚಿತವಾಗುವಂತೆ ಮಾಡುವ ಇನ್ನಾವ ವಸ್ತುವನ್ನಾಗಲಿ ಇಡಕೂಡದು. ಬಟ್ಟೆ ಹೇಗಿರಬೇಕೆಂಬುದು ಒಂದು ವಿಚಾರ. ಬಟ್ಟೆಯನ್ನು ಜನರ ಮುಂದೆ ಹೇಗೆ ತೋರಿಸಬೇಕು, ಅದರ ವಿಷಯದಲ್ಲಿ ಏನನ್ನು ಸೂಚಿಸಬಹುದು ಎಂಬುದು ಮತ್ತೊಂದು ವಿಚಾರ. ಈ ಎರಡನೆಯದಕ್ಕೂ ಒಂದು ಶಾಸನ ಬೇಕೆಂದು ಎಂಟುನೂರು ವರ್ಷಗಳ ಹಿಂದೆಯೇ ಆಳುವವರಿಗೆ ತೋರಿತ್ತು. ಇಂದು ಒಂದು ಅಂಗಿಯ ಕೊರಳಪಟ್ಟಿಯಲ್ಲಿ ‘ಹಾನಿಕರ ರಾಸಾಯನಿಕಗಳಿಲ್ಲದುದು’ ಎಂಬ ಅರ್ಥದ ಗುರುತನ್ನು ಹೊಲಿಯುವುದಕ್ಕೆ ಯಾರಿಗೆ ಅಧಿಕಾರ, ಎಷ್ಟು ಅಧಿಕಾರ, ಎಷ್ಟು ಕಾಲದ ಅಧಿಕಾರ ಎಂಬುದನ್ನು ಪುಟಗಟ್ಟಲೆ ನಿಯಮಗಳು ಗೊತ್ತುಮಾಡುತ್ತವೆ. ಆ ನಿಯಮಗಳ ವಂಶವೃಕ್ಷವನ್ನು ಹುಡುಕಹೊರಟವನು ಬಣ್ಣಗಾರರ ಬೀದಿಗಳನ್ನೂ ಸೀಸದ ಮುದ್ರೆಗಳನ್ನೂ ಹಾದುಹೋಗಬೇಕಾಗುತ್ತದೆ.

ನಮ್ಮ ನಾಡಿನ ಪ್ರಾಚೀನರಿಗೂ ಈ ವಿಚಾರ ಹೊಸದಾಗಿರಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಯೋಲೆಯ ರೂಪದಲ್ಲಿ ದೊರೆತು, 1909ರಲ್ಲಿ ಅವರಿಂದಲೇ ಮುದ್ರಣಗೊಂಡ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಊರಬಾಗಿಲಿಗೆ ಬಂದ ವರ್ತಕರು ಯಾರು, ಎಲ್ಲಿಯವರು, ಎಷ್ಟು ಸರಕನ್ನು ತಂದಿದ್ದಾರೆ, ಅದಕ್ಕೆ ಗುರುತನ್ನು ಒತ್ತಿದುದು ಎಲ್ಲಿ ಎಂಬಿಷ್ಟನ್ನೂ ಅಧಿಕಾರಿಗಳು ಬರೆದಿಟ್ಟುಕೊಳ್ಳಬೇಕು. ಮುದ್ರೆಯಿಲ್ಲದ ಸರಕಿಗೆ ಸುಂಕದ ಎರಡರಷ್ಟು ದಂಡ. ಕೂಟಮುದ್ರೆಗೆ, ಎಂದರೆ ಕಳ್ಳಮುದ್ರೆಗೆ, ಎಂಟರಷ್ಟು. ಮುದ್ರೆಯೇ ಇಲ್ಲದಿರುವುದಕ್ಕಿಂತ ಸುಳ್ಳು ಮುದ್ರೆಯಿರುವುದು ನಾಲ್ಕುಪಟ್ಟು ದೊಡ್ಡ ಅಪರಾಧವೆಂದು ಗಣಿಸಿದ ಆ ಬುದ್ಧಿ ಗಮನಾರ್ಹವಾದುದು. ಮೌನವಾಗಿರುವ ವಸ್ತುವನ್ನು ಕೊಳ್ಳುವವನು ತನ್ನ ಕಣ್ಣನ್ನೂ ಕೈಯನ್ನೂ ನಂಬಿ ಪರೀಕ್ಷಿಸಿ ಕೊಳ್ಳುತ್ತಾನೆ. ಮುದ್ರೆಯುಳ್ಳ ವಸ್ತುವಿನ ಮುಂದೆ ಅವನು ತನ್ನ ಪರೀಕ್ಷೆಯನ್ನು ಬಿಟ್ಟುಕೊಟ್ಟಿರುತ್ತಾನೆ. ಅಂಥವನನ್ನು ವಂಚಿಸುವುದು ಅಧಿಕ ಪಾತಕ.

ಯೂರೋಪಿನ ಮಧ್ಯಯುಗದ ಪಟ್ಟಣಗಳಲ್ಲಿ ಈ ಮುದ್ರೆಯ ಪದ್ಧತಿ ಒಂದು ಪರಿಪೂರ್ಣ ವ್ಯವಸ್ಥೆಯಾಗಿ ಬೆಳೆಯಿತು. ದಕ್ಷಿಣ ಜರ್ಮನಿಯ ಔಗ್ಸ್‌ಬರ್ಗ್ ಮತ್ತು ಉಲ್ಮ್ ನಗರಗಳು, ವೆನಿಸ್ಸಿನ ಮಾರ್ಗವಾಗಿ ಬಂದ ಹತ್ತಿಯನ್ನು ಹೊಕ್ಕಿಗೂ ನಾಡಿನ ನಾರುನೂಲನ್ನು ಹಾಸಿಗೂ ಬಳಸಿ ನೆಯ್ದ ಫಸ್ಟಿಯನ್ ಎಂಬ ಬಟ್ಟೆಯಿಂದ ಹೆಸರಾದುವು. ಅಲ್ಲಿ ನೇಕಾರನು ತಾನು ನೆಯ್ದುದನ್ನು ನೇರವಾಗಿ ಮಾರುವಂತಿರಲಿಲ್ಲ. ನಗರಸಭೆಯು ನೇಮಿಸಿದ, ಪ್ರಮಾಣವಚನ ಕೊಟ್ಟ ಪರೀಕ್ಷಕರ ಮುಂದೆ ಬಟ್ಟೆಯನ್ನು ಹರಡಬೇಕಾಗಿತ್ತು. ಅವರು ಅದರ ಉದ್ದ, ಪನ್ನ, ನೂಲಿನ ಸಾಂದ್ರತೆಗಳನ್ನು ನೋಡಿ, ಉತ್ತಮವಾದುದಕ್ಕೆ ಎತ್ತಿನ ಗುರುತನ್ನೂ, ಅದಕ್ಕಿಂತ ಕೆಳಗಿನದಕ್ಕೆ ಸಿಂಹದ ಗುರುತನ್ನೂ, ಮೂರನೆಯದಕ್ಕೆ ದ್ರಾಕ್ಷಿಯ ಗೊಂಚಲನ್ನೂ, ಕಡೆಯದಕ್ಕೆ ಪತ್ರದ ಗುರುತನ್ನೂ ಕೊಡುತ್ತಿದ್ದರು. ಬಿಳುಪು ಮಾಡಿದ ಮೇಲೆ, ಬಣ್ಣ ಹಾಕಿದ ಮೇಲೆ ಮರಳಿ ಪರೀಕ್ಷೆ, ಮರಳಿ ಮುದ್ರೆ. ಓದುಬರಹ ಬಾರದ ವರ್ತಕನೂ ಎತ್ತಿನ ಬಟ್ಟೆಯಾವುದು ಸಿಂಹದ ಬಟ್ಟೆಯಾವುದು ಎಂಬುದನ್ನು ದೂರದ ಸಂತೆಗಳಲ್ಲಿ ತಿಳಿಯುತ್ತಿದ್ದನು; ಸರಕನ್ನು ಬಿಚ್ಚಿ ನೋಡದೆಯೇ ವ್ಯಾಪಾರ ಕುದುರುತ್ತಿತ್ತು. ನಗರದ ಕೀರ್ತಿಯು ಪ್ರತಿಯೊಂದು ತಾನಿನ ಅಂಚಿನಲ್ಲಿಯೂ ತೂಗುತ್ತಿದ್ದುದರಿಂದ, ತನ್ನ ಮುದ್ರೆಯನ್ನು ಅಗ್ಗವಾಗಿ ಕೊಡುವುದು ನಗರಕ್ಕೇ ನಷ್ಟವೆಂಬ ಅರಿವು ಆ ಪರೀಕ್ಷಕರ ಕೈಯನ್ನು ಬಿಗಿಹಿಡಿದಿತ್ತು. ಲಂಡನ್ನಿನ ಬಣ್ಣಗಾರರೂ ತಮ್ಮ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ ಸೀಸದ ಬಿಲ್ಲೆಗಳನ್ನು ಬಟ್ಟೆಯ ಅಂಚಿಗೆ ಮಡಿಸಿ ಒತ್ತುತ್ತಿದ್ದರು. ಥೇಮ್ಸ್ ನದಿಯ ದಡದ ಕೆಸರಿನಲ್ಲಿ ಅಂಥ ಬಿಲ್ಲೆಗಳು ಇಂದಿಗೂ ಸಿಕ್ಕುತ್ತಿವೆ.

ಮುದ್ರೆಯ ಮಾನ ಕೆಡುವ ಬಗೆಯನ್ನೂ ಇಂಗ್ಲೆಂಡೇ ತೋರಿಸಿಕೊಟ್ಟಿತು. ಬಟ್ಟೆಯನ್ನಳೆದು ಮುದ್ರೆಯೊತ್ತುವ ರಾಜಾಧಿಕಾರಿಗೆ ಆಲ್ನೇಜರ್ ಎಂದು ಹೆಸರು. ಮುದ್ರೆಗೆ ಶುಲ್ಕವಿತ್ತು. ಸ್ಟುವರ್ಟ್ ದೊರೆಗಳ ಕಾಲಕ್ಕೆ ಆ ಅಧಿಕಾರವನ್ನೇ ಗುತ್ತಿಗೆಗೆ ಕೊಡುವ ವಾಡಿಕೆ ಬೆಳೆದು, ಲೆನಕ್ಸ್ ಪ್ರಭುವಿನಂಥ ಆಸ್ಥಾನಿಕರ ಕೈಗೆ ಅದು ಸೇರಿತು. ಅವರ ಗುಮಾಸ್ತರಿಗೆ ಬೇಕಾದುದು ಶುಲ್ಕವೇ ಹೊರತು ಪರೀಕ್ಷೆಯಲ್ಲವಾದುದರಿಂದ, ಬಟ್ಟೆಯನ್ನು ಕಣ್ಣೆತ್ತಿಯೂ ನೋಡದೆ ಮುದ್ರೆಗಳನ್ನು ರಾಶಿಯಾಗಿ ಮಾರುವುದು ರೂಢಿಯಾಯಿತು. ಹೀಗೆ ಆಲ್ನೇಜ್ ಎಂಬುದು ಪರೀಕ್ಷೆಯ ಹೆಸರನ್ನು ಹೊತ್ತ ಒಂದು ತೆರಿಗೆಯಾಗಿ ಉಳಿದು, ಕ್ರಮೇಣ ಅಳಿಯಿತು. ಗುರುತಿನ ಒಡೆಯನ ಜೀವನವು ಗುರುತನ್ನು ಕೊಡುವುದರಿಂದಲೇ ಸಾಗುವಾಗ, ಕೊಡಲಾರೆನೆಂದು ಹೇಳುವ ಶಕ್ತಿ ಅವನಲ್ಲಿ ಉಳಿಯುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರವನ್ನು ಬಿಟ್ಟಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಇತಿಹಾಸ ಇನ್ನೂ ತೊಡಕಿನದು. ಏಕೆಂದರೆ ಒಂದು ಬಣ್ಣವನ್ನು ‘ಹಾನಿಕರ’ವೆಂದು ಸಾರುವ ಮಾತೇ ಸ್ವಾರ್ಥದ ಆಯುಧವಾದ ಪ್ರಸಂಗವೊಂದು ಅಲ್ಲಿದೆ. ಯೂರೋಪಿನಲ್ಲಿ ನೀಲಿಯನ್ನು ಕೊಡುತ್ತಿದ್ದುದು ವೋಡ್ ಎಂಬ ಗಿಡದ ಸೊಪ್ಪು. ಥುರಿಂಗಿಯಾ, ಲಾಂಗ್ವಡಾಕ್ ಮೊದಲಾದ ಪ್ರಾಂತಗಳು ಆ ಬೆಳೆಯಿಂದಲೇ ಧನಿಕವಾಗಿದ್ದುವು. ಸಮುದ್ರಮಾರ್ಗ ತೆರೆದ ಮೇಲೆ ಭಾರತದ ನೀಲಿ ಹಡಗುಗಳಲ್ಲಿ ಹೋಗಿ ಇಳಿಯತೊಡಗಿತು. ಬಣ್ಣ ಒಂದೇ, ಆದರೆ ಭಾರತದ ನೀಲಿಯಲ್ಲಿ ಅದರ ಸತ್ತ್ವ ಬಹಳ ಹೆಚ್ಚು. ವೋಡ್ ಬೆಳೆಗಾರರೂ ಅವರಿಂದ ಕಂದಾಯ ಪಡೆಯುತ್ತಿದ್ದ ಪ್ರಭುಗಳೂ ಸುಮ್ಮನಿರಲಿಲ್ಲ. ಈ ಹೊಸ ಬಣ್ಣ ಬಟ್ಟೆಯನ್ನು ತಿನ್ನುವ ‘ಸೈತಾನನ ಬಣ್ಣ’ವೆಂದು ಪ್ರಚಾರವಾಯಿತು, 1577ರ ಜರ್ಮನ್ ಸಾಮ್ರಾಜ್ಯದ ಕಟ್ಟಳೆ ಅದನ್ನು ನಿಷೇಧಿಸಿತು, ನ್ಯೂರೆಂಬರ್ಗಿನ ಬಣ್ಣಗಾರರು ವರ್ಷಕ್ಕೊಮ್ಮೆ ನೀಲಿಯನ್ನು ಬಳಸುವುದಿಲ್ಲವೆಂದು ಆಣೆಯಿಡಬೇಕಾಯಿತು, ಫ್ರಾನ್ಸಿನ ನಾಲ್ಕನೆಯ ಹೆನ್ರಿ 1609ರಲ್ಲಿ ಅದನ್ನು ಬಳಸಿದವನಿಗೆ ಮರಣದಂಡನೆಯನ್ನೇ ವಿಧಿಸಿದನು. ಇಂಗ್ಲೆಂಡಿನಲ್ಲಿಯೂ ಮಧ್ಯ ಅಮೆರಿಕದಿಂದ ಬಂದ ಲಾಗ್‌ವುಡ್ ಎಂಬ ಬಣ್ಣದ ಮರ ಮೋಸದ ಬಣ್ಣವೆಂಬ ಹೆಸರಿನಲ್ಲಿ 1581ರಿಂದ 1662ರವರೆಗೆ ನಿಷಿದ್ಧವಾಗಿತ್ತು. ಲಾಗ್‌ವುಡ್ಡಿನ ವಿಷಯದಲ್ಲಿ ದೂರಿಗೆ ಸ್ವಲ್ಪ ಆಧಾರವಿತ್ತು. ಆಗ ತಿಳಿದಿದ್ದ ವಿಧಾನದಲ್ಲಿ ಅದರ ಬಣ್ಣ ಬೇಗ ಮಾಸುತ್ತಿತ್ತು. ನೀಲಿಯ ಮೇಲಿನ ಆರೋಪಕ್ಕೆ ಯಾವ ಆಧಾರವೂ ಇರಲಿಲ್ಲ. ಕೊಳ್ಳುವವನನ್ನು ರಕ್ಷಿಸುವ ಮಾತು ಯಾರ ಬಾಯಿಂದ ಬರುತ್ತಿದೆ, ಆ ಮಾತಿನಿಂದ ಯಾರ ಕಣಜ ತುಂಬುತ್ತದೆ ಎಂಬುದನ್ನು ವಿಚಾರಿಸದೆ ಒಪ್ಪಬಾರದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನ ನನಗೆ ತಿಳಿದಿಲ್ಲ. ನಮ್ಮ ನೆಲದ ಬೆಳೆಯೊಂದು ಅಲ್ಲಿ ಅಪರಾಧಿಯ ಸ್ಥಾನದಲ್ಲಿ ನಿಂತಿತ್ತೆಂಬ ಕಾರಣಕ್ಕೆ ನಾವಾದರೂ ಇದನ್ನು ನೆನೆಯಬೇಕು.

ಪ್ರಚಾರಕ್ಕೂ ಪ್ರಮಾಣಕ್ಕೂ ಇರುವ ಅಂತರವನ್ನು ಕಡಮೆಮಾಡಲೆತ್ನಿಸಿದವರು ಫ್ರೆಂಚರೇ. ಹದಿನಾಲ್ಕನೆಯ ಲೂಯಿಯ ಮಂತ್ರಿಯಾದ ಕೋಲ್ಬೇರ್ 1669ರಲ್ಲಿಯೂ 1671ರಲ್ಲಿಯೂ ಹೊರಡಿಸಿದ ಕಟ್ಟಳೆಗಳು ಬಣ್ಣಗಾರರನ್ನು ಎರಡು ವರ್ಗಗಳಾಗಿ ವಿಂಗಡಿಸಿದುವು. ಬಿಸಿಲಿಗೂ ನೀರಿಗೂ ನಿಲ್ಲುವ ‘ಹಿರಿಯ ಬಣ್ಣ’ದವರು ಒಂದು ವರ್ಗ, ಬೇಗ ಮಾಸುವ ‘ಕಿರಿಯ ಬಣ್ಣ’ದವರು ಮತ್ತೊಂದು, ಒಬ್ಬನ ಕಡಾಯಿಯಲ್ಲಿ ಇನ್ನೊಬ್ಬನ ದ್ರವ್ಯವಿರಬಾರದು. ಆದರೆ ಮಾರಾಟಕ್ಕೆ ಬಂದ ಬಟ್ಟೆ ಯಾವ ವರ್ಗದ್ದೆಂದು ತಿಳಿಯುವುದು ಹೇಗೆ? 1730ರ ದಶಕದಲ್ಲಿ ಸರ್ಕಾರದ ಬಣ್ಣದ ಪರೀಕ್ಷಕನಾಗಿ ನಿಯುಕ್ತನಾದ ವಿಜ್ಞಾನಿ ದ್ಯು ಫೇ, ಬಟ್ಟೆಯ ತುಣುಕುಗಳನ್ನು ಹನ್ನೆರಡು ದಿನ ಬಿಸಿಲಿಗೆ ಇಟ್ಟು, ಅದೇ ಬಣ್ಣದ ಇನ್ನೊಂದು ತುಣುಕನ್ನು ಪಟಿಕದ ನೀರಿನಲ್ಲಾಗಲಿ ಸಾಬೂನಿನಲ್ಲಾಗಲಿ ಗೊತ್ತಾದ ಹೊತ್ತು ಕುದಿಸಿ, ಎರಡನ್ನೂ ಹೋಲಿಸಿ, ಯಾವ ಬಣ್ಣಕ್ಕೆ ಯಾವ ಕುದಿತದ ಪರೀಕ್ಷೆ ತಕ್ಕುದೆಂಬುದನ್ನು ನಿರ್ಣಯಿಸಿದನು. ಇಂದಿನ ಪ್ರಯೋಗಾಲಯದ ವಿಧಾನವು ಅಲ್ಲಿ ಮೊದಲಾಯಿತೆಂದರೆ ತಪ್ಪಾಗಲಾರದು: ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಾದ ಪರೀಕ್ಷೆ, ಅದರ ಫಲವನ್ನು ಅವಲಂಬಿಸಿದ ಮುದ್ರೆ. ಅದೇ ದಶಕದಲ್ಲಿ, 1737ರಲ್ಲಿ, ನೀಲಿಯ ಮೇಲಿದ್ದ ನಿರ್ಬಂಧವೂ ಫ್ರಾನ್ಸಿನಲ್ಲಿ ಸಡಲಿತು.

ಈ ಶತಮಾನಗಳ ಉದ್ದಕ್ಕೂ ಮುದ್ರೆಯು ಉತ್ತರಿಸುತ್ತಿದ್ದುದು ಬಟ್ಟೆಯ ಬಾಳಿಕೆಯ ಪ್ರಶ್ನೆಗಳನ್ನು. ಬಣ್ಣವು ಉಡುವವನ ಮೈಗೆ ಏನು ಮಾಡುತ್ತದೆ, ಹಾಕುವವನ ಪ್ರಾಣಕ್ಕೆ ಏನು ಮಾಡುತ್ತದೆ, ತೊಳೆದ ನೀರು ಹರಿದುಹೋದ ಕಡೆ ಏನು ಮಾಡುತ್ತದೆ ಎಂಬುದನ್ನು ಯಾವ ಮುದ್ರೆಯೂ ಹೇಳುತ್ತಿರಲಿಲ್ಲ. ಹೇಳಬೇಕೆಂದು ಯಾರೂ ಕೇಳಿಯೂ ಇರಲಿಲ್ಲ.

ಕೇಳುವಂತೆ ಮಾಡಿದುದು ಪಾಷಾಣ. 1775ರಲ್ಲಿ ಸ್ವೀಡನ್ನಿನ ರಸಾಯನಜ್ಞ ಷೀಲೆ ಕಂಡುಹಿಡಿದ ಹಸಿರೂ, 1814ರ ಸುಮಾರಿಗೆ ಬಂದ ಪಚ್ಚೆಯ ಹಸಿರೂ ತಾಮ್ರ ಮತ್ತು ಆರ್ಸೆನಿಕ್ಕಿನ ಸಂಯೋಗಗಳು. ಗೋಡೆಯ ಕಾಗದ, ಉಡುಪು, ಆಟದ ಸಾಮಾನು, ಕಾಗದದ ಹೂವು ಎಲ್ಲವೂ ಆ ಹಸಿರನ್ನು ತೊಟ್ಟುವು. 1861ರಲ್ಲಿ ಲಂಡನ್ನಿನಲ್ಲಿ ಕೃತಕ ಪುಷ್ಪಗಳ ಎಲೆಗಳಿಗೆ ಆ ಪುಡಿಯನ್ನು ಉದುರಿಸುತ್ತಿದ್ದ ಮಟಿಲ್ಡಾ ಷೂರರ್ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ದಾರುಣವಾದ ಯಾತನೆಯಿಂದ ಸತ್ತಾಗ, ಪತ್ರಿಕೆಗಳು ಬರೆದುವು; ಮರುವರ್ಷ ರಸಾಯನಜ್ಞ ಹಾಫ್‌ಮನ್ ಇಂಥ ಹಸಿರಿನಲ್ಲಿರುವ ಪಾಷಾಣದ ಪ್ರಮಾಣವನ್ನು ಲೆಕ್ಕಹಾಕಿ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಬ್ರಿಟಿಷ್ ಸಂಸತ್ತು ಗೋಡೆಯ ಕಾಗದದಲ್ಲಿ ಆರ್ಸೆನಿಕ್ಕನ್ನು ನಿಷೇಧಿಸುವ ಶಾಸನ ಮಾಡಲಿಲ್ಲ. ಆದರೆ ಗ್ರಾಹಕರು ಹೆದರಿದರು. ಹೆದರಿದ ಗ್ರಾಹಕರಿಗಾಗಿ ತಯಾರಕರು ತಮ್ಮ ಕಾಗದದ ಸುರುಳಿಗಳ ಮೇಲೆ ‘ಆರ್ಸೆನಿಕ್ ಇಲ್ಲದುದು’ ಎಂದು ಅಚ್ಚೊತ್ತತೊಡಗಿದರು. ಒಂದು ವಸ್ತುವಿನಲ್ಲಿ ಏನು ಇಲ್ಲವೋ ಅದನ್ನೇ ಗುಣವಾಗಿ ಸಾರುವ, ಇಂದು ಎಲ್ಲ ಅಂಗಡಿಗಳಲ್ಲಿಯೂ ನಾವು ಕಾಣುವ ವಾಕ್ಯರೀತಿ ಹೀಗೆ ಮನೆಮನೆಗೂ ಪರಿಚಿತವಾಯಿತು. ಆ ಮಾತು ಕೆಲವರಲ್ಲಿ ಸತ್ಯವಾಗಿಯೇ ಇತ್ತು. ಆದರೆ ಅದನ್ನಾಡುವುದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ, ಅದನ್ನು ಪರೀಕ್ಷಿಸುವ ಹೊಣೆ ಯಾರಿಗೂ ಇರಲಿಲ್ಲ. ಔಗ್ಸ್‌ಬರ್ಗಿನ ಎತ್ತಿನ ಮುದ್ರೆಗಿದ್ದ ಪರೀಕ್ಷಕರ ಬಲ ಈ ಹೊಸ ಮಾತಿಗೆ ಇಲ್ಲವಾಗಿತ್ತು.

1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ತರುಣ ಕಲ್ಲಿದ್ದಲ ಕೀಲಿನಿಂದ ದೊರೆತ ಅನಿಲಿನ್‌ನಿಂದ ನೇರಳೆ ಬಣ್ಣವನ್ನು ತೆಗೆದ ಮೇಲೆ ಗಿಡಮೂಲಿಕೆಗಳ ಬಣ್ಣದ ಯುಗ ಮುಗಿಯುತ್ತ ಬಂತು. ಸಾರಜನಕದ ಜೋಡಿ ಪರಮಾಣುಗಳ ಸೇತುವೆಯುಳ್ಳ ಅಜೋ ಬಣ್ಣಗಳ ಕುಟುಂಬ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದು, ಕಾಂಗೋ ರೆಡ್ ಎಂಬ ಕೆಂಪು 1884ರಲ್ಲಿ ಬಂದಾಗ, ಪಟಿಕವೇ ಮೊದಲಾದ ಬಂಧಕದ್ರವ್ಯಗಳ ಸಹಾಯವಿಲ್ಲದೆ ಹತ್ತಿಯನ್ನು ನೇರವಾಗಿ ಬಣ್ಣಕ್ಕದ್ದುವುದು ಸಾಧ್ಯವಾಯಿತು. ಅದರ ಮೂಲದ್ರವ್ಯ ಬೆಂಜಿಡೀನ್. ಹನ್ನೊಂದು ವರ್ಷಗಳ ತರುವಾಯ, 1895ರಲ್ಲಿ, ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಫುಕ್ಸಿನ್ ಎಂಬ ಬಣ್ಣವನ್ನು ತಯಾರಿಸುವ ಕಾರ್ಖಾನೆಯ ನಲವತ್ತೈದು ಮಂದಿ ಕೆಲಸಗಾರರಲ್ಲಿ ಮೂವರಿಗೆ ಮೂತ್ರಕೋಶದ ಅರ್ಬುದರೋಗ ತಗುಲಿರುವುದನ್ನು ಕಂಡು, ಅದಕ್ಕೆ ಅವರ ವೃತ್ತಿಯೇ ಕಾರಣವಿರಬೇಕೆಂದು ವೈದ್ಯರ ಸಭೆಯಲ್ಲಿ ಹೇಳಿದನು. ಆ ಮಾತಿಗೆ ಪೂರ್ಣವಾದ ಸಮರ್ಥನೆ ದೊರೆಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಬೆಂಜಿಡೀನ್, ನ್ಯಾಫ್ತಿಲಮೀನ್‌ಗಳೊಂದಿಗೆ ದುಡಿದ ಬ್ರಿಟಿಷ್ ಕೆಲಸಗಾರರ ಮರಣಗಳ ಲೆಕ್ಕವನ್ನು ಕೇಸ್ ಮತ್ತು ಅವನ ಸಹೋದ್ಯೋಗಿಗಳು 1954ರಲ್ಲಿ ಪ್ರಕಟಿಸಿದ ಮೇಲೆ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಈ ನಡುವೆ ಸತ್ತವರು ಎಲ್ಲರೂ ಕಾರ್ಖಾನೆಯ ಒಳಗಿನವರು. ಅವರು ಮಾಡಿದ ಬಣ್ಣದ ಬಟ್ಟೆಯ ಮೇಲೆ ಅವರ ವಿಷಯವಾಗಿ ಒಂದು ಅಕ್ಷರವೂ ಇರಲಿಲ್ಲ. ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ.

ಉಡುವವನ ಮೈಗೆ ಸಂಬಂಧಿಸಿದ ಪ್ರಶ್ನೆ ಎದ್ದುದು ಆಮೇಲೆ. ಕೆಲವು ಅಜೋ ಬಣ್ಣಗಳು ಚರ್ಮದ ಮೇಲಿನ ಸೂಕ್ಷ್ಮಜೀವಿಗಳಿಂದಲೂ ದೇಹದೊಳಗಿನ ಕಿಣ್ವಗಳಿಂದಲೂ ಒಡೆದು, ತಾವು ಹುಟ್ಟಿದ ಬೆಂಜಿಡೀನಿನಂಥ ಅಮೀನುಗಳನ್ನೇ ಮರಳಿ ಬಿಡುಗಡೆ ಮಾಡಬಲ್ಲುವೆಂಬ ತಿಳಿವಿನ ಮೇಲೆ, ಜರ್ಮನಿ 1994ರಲ್ಲಿ ಅಂಥ ಬಣ್ಣಗಳುಳ್ಳ ಉಡುಪುಗಳನ್ನು ನಿಷೇಧಿಸಿತು. ಜರ್ಮನಿಗೆ ಬಟ್ಟೆ ಕಳುಹಿಸುತ್ತಿದ್ದ ನಮ್ಮ ದೇಶಕ್ಕೆ ಇದು ಸಿಡಿಲಿನಂತೆ ಎರಗಿತು. ಬೆಂಜಿಡೀನ್ ಮೂಲದ ನಲವತ್ತೆರಡು ಬಣ್ಣಗಳನ್ನು ಅದಾಗಲೇ ನಿಷೇಧಿಸಿದ್ದ ಭಾರತ ಸರ್ಕಾರ, 1997ರ ಮಾರ್ಚಿಯಲ್ಲಿ ಇನ್ನೂ ಎಪ್ಪತ್ತು ಅಜೋ ಬಣ್ಣಗಳನ್ನು ಆ ಪಟ್ಟಿಗೆ ಸೇರಿಸಿತು. ಯೂರೋಪಿನ ಒಕ್ಕೂಟದ 2002ರ ನಿರ್ದೇಶನ ಇಪ್ಪತ್ತೆರಡು ಅಮೀನುಗಳನ್ನು ಹೆಸರಿಸಿ, ಒಂದು ಕಿಲೋಗ್ರಾಂ ಬಟ್ಟೆಯಲ್ಲಿ ಮೂವತ್ತು ಮಿಲಿಗ್ರಾಮನ್ನು ಮೀರಕೂಡದೆಂಬ ಮಿತಿಯನ್ನು ಹಾಕಿತು.

1994ರ ಆ ಜರ್ಮನ್ ಶಾಸನಕ್ಕಿಂತ ಎರಡು ವರ್ಷ ಮೊದಲೇ, 1992ರಲ್ಲಿ, ಜರ್ಮನಿಯ ಹೋಹೆನ್‌ಸ್ಟೈನ್ ಸಂಸ್ಥೆಯೂ ವಿಯೆನ್ನಾದ ಜವಳಿ ಸಂಶೋಧನಾಲಯವೂ ಕೂಡಿ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಗುರುತನ್ನು ಹೊರತಂದಿದ್ದುವು. ಎಳೆಯ ಮಕ್ಕಳ ಬಟ್ಟೆ, ಮೈಗೆ ತಾಗುವ ಬಟ್ಟೆ, ತಾಗದ ಬಟ್ಟೆ, ಗೃಹಾಲಂಕಾರದ ಬಟ್ಟೆ ಎಂದು ನಾಲ್ಕು ವರ್ಗಗಳನ್ನು ಮಾಡಿ, ಮೈಗೆ ಹತ್ತಿರವಾದಷ್ಟೂ ಮಿತಿಯನ್ನು ಬಿಗಿಗೊಳಿಸುವುದು ಅದರ ಕ್ರಮ. ಮೈಗೆ ತಾಗುವ ಬಟ್ಟೆಯಲ್ಲಿ ಫಾರ್ಮಾಲ್ಡಿಹೈಡ್ ಕಿಲೋಗ್ರಾಮಿಗೆ 75 ಮಿಲಿಗ್ರಾಮಿನವರೆಗೆ ಇರಬಹುದಾದರೆ, ಮಗುವಿನ ಬಟ್ಟೆಯಲ್ಲಿ ಪರೀಕ್ಷೆಗೆ ಸಿಕ್ಕುವಷ್ಟೂ ಇರಕೂಡದು. ಪ್ರಮಾಣಪತ್ರದ ಆಯುಷ್ಯ ಒಂದು ವರ್ಷ. ಗುರುತಿನ ಚೀಟಿಯಲ್ಲಿ ಪತ್ರದ ಸಂಖ್ಯೆಯೂ ಪರೀಕ್ಷಿಸಿದ ಸಂಸ್ಥೆಯ ಹೆಸರೂ ಇರಲೇಬೇಕು. ಗುರುತನ್ನೊತ್ತಿದುದು ಎಲ್ಲಿ ಎಂದು ಕೌಟಿಲ್ಯನ ಅಧಿಕಾರಿ ಬರೆದಿಟ್ಟುಕೊಳ್ಳುತ್ತಿದ್ದುದೂ ಇದೇ ತಿಳಿವನ್ನಲ್ಲವೆ?

ಇಂಥ ಗುರುತುಗಳಿಗೆ ನ್ಯಾಯದ ಆಸರೆಯನ್ನು ಕೊಟ್ಟುದು ದೃಢೀಕರಣ ಮುದ್ರೆ ಎಂಬ ಕಲ್ಪನೆ. ಬ್ರಿಟನ್ನಿನ 1905ರ ವ್ಯಾಪಾರಮುದ್ರೆಗಳ ಶಾಸನ ಅದಕ್ಕೆ ಎಡೆಮಾಡಿತು. ಭಾರತದ 1999ರ ಶಾಸನದಲ್ಲಿಯೂ ಅದಕ್ಕೆ ಪ್ರತ್ಯೇಕವಾದ ಅಧ್ಯಾಯವಿದೆ. ಅದರ ತಿರುಳು ಇಷ್ಟು: ದೃಢೀಕರಿಸುವವನು ತಾನೇ ಆ ಸರಕಿನ ವ್ಯಾಪಾರಿಯಾಗಿರಕೂಡದು, ಯಾವ ಷರತ್ತಿನ ಮೇಲೆ ಮುದ್ರೆಯನ್ನು ಬಳಸಗೊಡುವನೆಂಬ ನಿಯಮಾವಳಿಯನ್ನು ಸರ್ಕಾರದ ಬಳಿ ದಾಖಲೆಗೆ ಇಡಬೇಕು. ನೀಲಿಯ ವಿರುದ್ಧ ವೋಡ್ ಬೆಳೆಗಾರರು ಮಾಡಿದಂಥ ಕೆಲಸಕ್ಕೆ ಇದು ತಡೆ. ಜರ್ಮನಿಯು 1978ರಲ್ಲಿ ‘ನೀಲಿ ದೇವದೂತ’ನೆಂಬ ಪರಿಸರದ ಗುರುತನ್ನು, ಲೋಕದಲ್ಲಿಯೇ ಮೊತ್ತಮೊದಲನೆಯದಾಗಿ, ಸ್ಥಾಪಿಸಿದಾಗ, ಮಾನದಂಡವನ್ನು ರಚಿಸುವವರು ಬೇರೆ, ತೀರ್ಪು ಕೊಡುವ ಮಂಡಲಿ ಬೇರೆ, ಬಳಕೆಯ ಒಪ್ಪಂದ ಮಾಡಿಕೊಡುವ ಸಂಸ್ಥೆ ಬೇರೆ ಎಂಬ ವಿಂಗಡಣೆಯನ್ನು ಪಾಲಿಸಿತು. ನಮ್ಮಲ್ಲಿ 1991ರಲ್ಲಿ ಬಂದ ಇಕೋಮಾರ್ಕ್ ಮಣ್ಣಿನ ಮಡಕೆಯನ್ನು ಲಾಂಛನವಾಗಿ ಆರಿಸಿಕೊಂಡಿತು. ಆಯ್ಕೆ ಸುಂದರವಾಗಿತ್ತು, ಆದರೆ ಉದ್ಯಮಗಳು ಅದರ ಕಡೆಗೆ ತಿರುಗಿ ನೋಡಿದುದು ವಿರಳ. ಬೆಂಗಳೂರಿನಲ್ಲಿ ನೆಲೆಯುಳ್ಳ ಕೇಂದ್ರ ರೇಷ್ಮೆ ಮಂಡಲಿ 2004ರಲ್ಲಿ ಹೊರತಂದ ಸಿಲ್ಕ್ ಮಾರ್ಕ್ ಇದಕ್ಕಿಂತ ಹೆಚ್ಚು ಜನಪ್ರಿಯವಾಗಿದೆ. ಮದುವೆಯ ಸೀರೆ ಕೊಳ್ಳುವ ನಮ್ಮ ಹೆಂಗಸರು ಅದನ್ನು ಚೆನ್ನಾಗಿ ಬಲ್ಲರು. ಆದರೆ ಅದು ನೂಲು ಅಪ್ಪಟ ರೇಷ್ಮೆಯೆಂಬುದಕ್ಕೆ ಸಾಕ್ಷಿಯೇ ಹೊರತು ಆ ನೂಲಿಗೆ ಹಾಕಿದ ಬಣ್ಣದ ಗುಣಕ್ಕೆ ಸಾಕ್ಷಿಯಲ್ಲ.

ಸಾಕ್ಷಿಯ ಈ ಎಲ್ಲೆಯೇ ನಮ್ಮ ಪ್ರಸ್ತುತ ವಿಷಯದ ಮರ್ಮ. ತಮಿಳುನಾಡಿನ ತಿರುಪ್ಪೂರು ಹೆಣೆದ ಹತ್ತಿಯ ಉಡುಪುಗಳಿಂದ ಲೋಕಪ್ರಸಿದ್ಧವಾದ ಊರು. ಅಲ್ಲಿ ಹರಿಯುವ ನೊಯ್ಯಲ್, ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ನದಿ. ಹತ್ತಿಗೆ ಬಣ್ಣವನ್ನು ಹಿಡಿಸುವುದಕ್ಕೆ ಬೇಕಾಗುವ ಅಪಾರವಾದ ಉಪ್ಪೂ, ಹಿಡಿಯದೆ ಉಳಿದ ಬಣ್ಣವೂ ಆ ನದಿಗೆ ಸೇರಿ, ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪ್ಪಾಳ್ಯಂ ಜಲಾಶಯ ಕೆಲವೇ ವರ್ಷಗಳಲ್ಲಿ ಬಣ್ಣದ ಕೊಳಕಿನ ಕೆರೆಯಾಯಿತು. ಅಚ್ಚುಕಟ್ಟಿನ ರೈತರು ನ್ಯಾಯಾಲಯಕ್ಕೆ ಹೋದರು. ಕಡೆಗೆ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಿಂದ ಏಳುನೂರಕ್ಕೆ ಮಿಕ್ಕಿದ ಬಣ್ಣದ ಕಾರ್ಖಾನೆಗಳು ಮುಚ್ಚಿದುವು. ಈಗ ವಿಚಾರಮಾಡಿ ನೋಡಬೇಕು: ಸಿದ್ಧವಾದ ಬಟ್ಟೆಯನ್ನು ಮಾತ್ರ ಪರೀಕ್ಷಿಸುವ ಯಾವ ಪ್ರಯೋಗಾಲಯವಾದರೂ ಈ ಅನಾಹುತವನ್ನು ಕಂಡುಹಿಡಿಯಬಲ್ಲುದೆ? ಬಟ್ಟೆಯನ್ನು ಎಷ್ಟು ಚೆನ್ನಾಗಿ ತೊಳೆದರೆ ಅದು ಅಷ್ಟು ಶುದ್ಧ. ನದಿ ಅಷ್ಟೇ ಅಶುದ್ಧ. ಉಡುವವನಿಗೆ ಅಪಾಯವಿಲ್ಲವೆಂಬ ಗುರುತು ಅಕ್ಷರಶಃ ಸತ್ಯವಾಗಿದ್ದೂ, ಅದನ್ನು ಓದಿದವನು ನದಿಯೂ ಕ್ಷೇಮವೆಂದು ಭಾವಿಸಿದರೆ ಆ ಭಾವನೆ ಅಸತ್ಯವಾಗುತ್ತದೆ.

ಇದನ್ನು ಮಾನದಂಡಗಳ ನಿರ್ಮಾಪಕರು ಅರಿಯದೆ ಇರಲಿಲ್ಲ. ಓಕೋ-ಟೆಕ್ಸ್ 1995ರಲ್ಲಿಯೇ ಕಾರ್ಖಾನೆಗಳನ್ನು ಪರೀಕ್ಷಿಸುವ ಇನ್ನೊಂದು ಮಾನದಂಡವನ್ನು ರಚಿಸಿತು. ಸ್ವಿಟ್ಜರ್ಲೆಂಡಿನಲ್ಲಿ 2000ದಲ್ಲಿ ಆರಂಭವಾದ ಬ್ಲೂಸೈನ್ ಪದ್ಧತಿ, ಹೊರಬರುವ ಬಟ್ಟೆಗಿಂತ ಹೆಚ್ಚಾಗಿ ಒಳಹೋಗುವ ರಾಸಾಯನಿಕಗಳ ಮೇಲೆ ಕಣ್ಣಿಟ್ಟಿತು. ಆದರೆ ದೊಡ್ಡ ವ್ಯಾಪಾರಿಗಳನ್ನೆಲ್ಲ ಎಚ್ಚರಿಸಿದುದು 2011ರ ಜುಲೈಯಲ್ಲಿ ಗ್ರೀನ್‌ಪೀಸ್ ಸಂಘ ಚೀನದ ಯಾಂಗ್ಟ್ಸಿ ಮತ್ತು ಮುತ್ತಿನ ನದಿಗಳ ಮುಖಜಭೂಮಿಯ ಕಾರ್ಖಾನೆಗಳ ನೀರನ್ನು ಪರೀಕ್ಷಿಸಿ ಪ್ರಕಟಿಸಿದ ವರದಿ. ಅದೇ ವರ್ಷದ ನವೆಂಬರಿನಲ್ಲಿ ಅಡಿಡಾಸ್, ಸಿ ಅಂಡ್ ಎ, ಎಚ್ ಅಂಡ್ ಎಂ, ಲಿ ನಿಂಗ್, ನೈಕಿ, ಪೂಮಾ ಎಂಬ ಆರು ಸಂಸ್ಥೆಗಳು ಒಂದಾಗಿ, ಹಾನಿಕರ ರಾಸಾಯನಿಕಗಳ ವಿಸರ್ಜನೆಯನ್ನು 2020ರೊಳಗೆ ಶೂನ್ಯಕ್ಕೆ ತರುವ ಸಂಕಲ್ಪವನ್ನು ಘೋಷಿಸಿದುವು. ಜೆಡ್‌ಡಿಎಚ್‌ಸಿ ಎಂದು ಹೆಸರಾದ ಆ ಕೂಟ 2014ರಲ್ಲಿ, ತಯಾರಿಕೆಯಲ್ಲಿ ಬುದ್ಧಿಪೂರ್ವಕವಾಗಿ ಬಳಸಬಾರದ ದ್ರವ್ಯಗಳ ಪಟ್ಟಿಯನ್ನು ಪ್ರಕಟಿಸಿತು. ಬಣ್ಣದ ಡಬ್ಬಿ ಕಾರ್ಖಾನೆಯ ಬಾಗಿಲನ್ನು ದಾಟುವ ಮುನ್ನವೇ ಅದನ್ನು ತಡೆಯುವುದು ಈ ಪಟ್ಟಿಯ ಉದ್ದೇಶ. ಕೋಲ್ಬೇರನು ಒಬ್ಬ ಬಣ್ಣಗಾರನ ಕಡಾಯಿಯಲ್ಲಿ ಇನ್ನೊಬ್ಬನ ದ್ರವ್ಯವಿರಕೂಡದೆಂದು ವಿಧಿಸಿದುದರ ಪುನರವತಾರವೆಂದು ಇದನ್ನು ಹೇಳಬಹುದು.

ಒಳಹೋಗುವ ದ್ರವ್ಯಕ್ಕೆ ಒಂದು ಮಾನದಂಡ, ಕಾರ್ಖಾನೆಗೆ ಒಂದು, ಹೊರಹೋಗುವ ನೀರಿಗೆ ಒಂದು, ಸಿದ್ಧಬಟ್ಟೆಗೆ ಮತ್ತೊಂದು ಎಂದು ಸಾಕ್ಷಿಗಳು ಹೀಗೆ ಹೆಚ್ಚಿದಾಗ, ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಆರೋಪಿಸುವ ಆಸೆಯೂ ಹೆಚ್ಚಿತು. ಬಣ್ಣದ ಡಬ್ಬಿಗೆ ದೊರೆತ ಅನುಮೋದನೆಯನ್ನು ಆ ಬಣ್ಣದಿಂದಾದ ಉಡುಪಿಗೂ ಹಚ್ಚುವುದು, ಒಂದು ಕಾರ್ಖಾನೆಗೆ ಸಂದುದನ್ನು ಇಡೀ ಸಂಸ್ಥೆಗೆ ಹಚ್ಚುವುದು, ನಡೆಯುತ್ತಿರುವ ಪ್ರಯತ್ನವನ್ನು ಮುಗಿದ ಸಾಧನೆಯಂತೆ ನುಡಿಯುವುದು. ಗುರುತಿನ ಬಳಕೆಗೆ ಪರವಾನಗಿ ಕೊಡುವ ನಿಯಮಾವಳಿಗಳು ಹುಟ್ಟಿದುದು ಈ ಆಸೆಗೆ ಲಗಾಮು ಹಾಕುವುದಕ್ಕಾಗಿ. 2006ರಲ್ಲಿ ಜಾರಿಗೆ ಬಂದ ಜಾಗತಿಕ ಸಾವಯವ ಜವಳಿ ಮಾನದಂಡವನ್ನು ನೋಡಿದರೆ ಅವುಗಳ ಸ್ವರೂಪ ತಿಳಿಯುತ್ತದೆ: ನೂರಕ್ಕೆ 95ರಷ್ಟು ಸಾವಯವ ನಾರಿದ್ದರೆ ‘ಸಾವಯವ’ವೆಂದು ಹೇಳಬಹುದು, 70ರಷ್ಟಿದ್ದರೆ ಇಷ್ಟು ಪಾಲು ಸಾವಯವ ನಾರಿನಿಂದ ಮಾಡಿದುದೆಂದು ಹೇಳಬೇಕು, ಸರಪಣಿಯ ಒಂದೇ ಒಂದು ಕೊಂಡಿ ದೃಢೀಕರಣವಿಲ್ಲದುದಾದರೆ ಏನನ್ನೂ ಹೇಳಕೂಡದು, ಹೇಳಿದಾಗ ದೃಢೀಕರಿಸಿದವರ ಹೆಸರೂ ಪರವಾನಗಿಯ ಸಂಖ್ಯೆಯೂ ಜೊತೆಗಿರಬೇಕು. ಪರೀಕ್ಷೆಯು ಎಷ್ಟು ದೂರ ಹೋಗಿದೆಯೋ ಮಾತೂ ಅಷ್ಟೇ ದೂರ ಹೋಗಬೇಕೆಂಬುದು ಇವೆಲ್ಲದರ ಸಾರ. ವ್ಯಾಪಾರಿಗಳಿಗೆ ಇದು ಕಿರುಕುಳವಾಗಿ ತೋರುವುದುಂಟು. ಆದರೆ ಮಾತಿನ ಸ್ವಾತಂತ್ರ್ಯವನ್ನು ಕಡಮೆಮಾಡುವ ಈ ನಿಯಮಗಳೇ ಮಾತಿಗೆ ಬೆಲೆಯನ್ನು ತರುವಂಥವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೂಟಮುದ್ರೆಯೂ ಕಾಲಕ್ಕೆ ತಕ್ಕಂತೆ ಬಂತು. 2020ರಲ್ಲಿ ಆ ಸಾವಯವ ಮಾನದಂಡವನ್ನು ನಡೆಸುವ ಸಂಸ್ಥೆಯೇ, ಭಾರತದ ಸುಮಾರು 20,000 ಟನ್ ಹತ್ತಿ ಸುಳ್ಳುಪತ್ರಗಳ ಮೇಲೆ ಸಾವಯವವೆಂದು ಸಾಗಿಹೋಗಿರುವುದನ್ನು ಪತ್ತೆಹಚ್ಚಿ ಪ್ರಕಟಿಸಿತು. ಪತ್ರದ ಮೇಲಿನ ಸಂಕೇತ ಸರ್ಕಾರಿ ಸಂಸ್ಥೆಯ ಜಾಲತಾಣದ ಹಾಗೆಯೇ ಕಾಣುವಂತೆ ರಚಿಸಿದ ನಕಲಿ ತಾಣಕ್ಕೆ ಕೊಂಡೊಯ್ಯುತ್ತಿತ್ತು. ಹನ್ನೊಂದು ಸಂಸ್ಥೆಗಳನ್ನು ಪ್ರಮಾಣೀಕರಣದಿಂದ ಹೊರಗಿಡಲಾಯಿತು. ತಮ್ಮ ನೆಲದಲ್ಲಿ ಪ್ರಾಮಾಣಿಕವಾಗಿ ಸಾವಯವ ಹತ್ತಿ ಬೆಳೆದ ರೈತರ ಮಾನಕ್ಕೂ ಈ ಕೃತ್ಯದಿಂದ ಕುಂದು ತಗುಲಿತಲ್ಲಾ ಎಂಬ ವ್ಯಥೆ ಇದನ್ನು ಓದಿದವರಿಗೆ ಆಗದಿರದು.

ಖಾಸಗಿ ಒಪ್ಪಂದದ ನಿಯಮಗಳಿಗೆ ಈಚೆಗೆ ರಾಜಶಾಸನದ ಬೆಂಬಲ ಬರುತ್ತಿದೆ. ಯೂರೋಪಿನ ಒಕ್ಕೂಟದ 2024ರ ನಿರ್ದೇಶನವೊಂದು, ಪ್ರಮಾಣೀಕರಣದ ಪದ್ಧತಿಯನ್ನಾಗಲಿ ಸರ್ಕಾರದ ಅಧಿಕಾರವನ್ನಾಗಲಿ ಆಧರಿಸದ ಸುಸ್ಥಿರತೆಯ ಗುರುತುಗಳನ್ನೂ, ಆಧಾರವಿಲ್ಲದ ‘ಹಸಿರು’, ‘ಪರಿಸರಸ್ನೇಹಿ’ ಮೊದಲಾದ ಸಾಮಾನ್ಯ ಮಾತುಗಳನ್ನೂ ನಿಷೇಧಿಸಿ, 2026ರ ಸೆಪ್ಟೆಂಬರ್ 27ನ್ನು ಅನ್ವಯದ ದಿನವಾಗಿ ಗೊತ್ತುಮಾಡಿತು. ಭಾರತದಲ್ಲಿಯೂ 2024ರ ಸೆಪ್ಟೆಂಬರಿನಲ್ಲಿಯೇ ಇಕೋಮಾರ್ಕಿಗೆ ಹೊಸ ನಿಯಮಗಳು ಬಂದುವು. ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಪರಿಸರದ ಹೆಸರಿನಲ್ಲಿ ಮಾಡುವ ಹೇಳಿಕೆಗಳಿಗೆ ಪರಿಶೀಲನೆಗೆ ನಿಲ್ಲುವ ಆಧಾರವಿರಬೇಕು, ಹೇಳಿಕೆಯು ವಸ್ತುವಿಗೆ ಸಂಬಂಧಿಸಿದುದೋ ತಯಾರಿಕೆಗೋ ಹೊದಿಕೆಗೋ ಎಂಬುದು ಸ್ಪಷ್ಟವಾಗಿರಬೇಕು ಎಂಬ ಮಾರ್ಗಸೂಚಿಯನ್ನು ಹೊರಡಿಸಿತು.

ಇಷ್ಟಾದರೂ ಹಳೆಯ ಪದ್ಧತಿಯಲ್ಲಿದ್ದ ಒಂದು ಗುಣ ಹೊಸದರಲ್ಲಿ ಮರೆಯಾಗಿರುವುದನ್ನು ಹೇಳದೆ ಬಿಡಲಾಗದು. ಲಂಡನ್ನಿನ ಸೀಸದ ಬಿಲ್ಲೆಯ ಮೇಲೆ ಬಣ್ಣಗಾರನ ಹೆಸರಿನ ಅಕ್ಷರಗಳಿದ್ದುವು. ಇಂದು ನೂಲು ತೆಗೆದವನಿಗೆ ಒಂದು ಪ್ರಮಾಣಪತ್ರ, ಬಣ್ಣ ಹಾಕಿದವನಿಗೆ ಒಂದು, ಹೊಲಿದವನಿಗೆ ಒಂದು. ಹಿಂದಿನವನ ಪತ್ರವನ್ನು ಮುಂದಿನವನು ತೋರಿಸಿ ತನ್ನದನ್ನು ಪಡೆಯುತ್ತಾನೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಕಡೆಯವನ ಸಂಖ್ಯೆ ಮಾತ್ರ. ಅಗ್ಗದ ನಿಷಿದ್ಧ ಬಣ್ಣವನ್ನು ಬಿಟ್ಟು ದುಬಾರಿಯಾದುದನ್ನು ಕೊಂಡವನೂ, ನೀರನ್ನು ಶುದ್ಧಿಮಾಡುವ ಯಂತ್ರಕ್ಕೆ ಸಾಲ ಮಾಡಿದವನೂ, ಪರೀಕ್ಷೆಯ ಶುಲ್ಕವನ್ನು ತೆತ್ತವನೂ ಬಣ್ಣಗಾರನೇ. ತಾನು ಮಾಡಿದೆನೆಂದು ಲೋಕದ ಮುಂದೆ ಹೇಳುವ ಅವಕಾಶ ಮಾತ್ರ ಅವನಿಗಿಲ್ಲ. 2015ರಲ್ಲಿ ಓಕೋ-ಟೆಕ್ಸ್ ಹೊರತಂದ ‘ಮೇಡ್ ಇನ್ ಗ್ರೀನ್’ ಎಂಬ ಗುರುತು, ಬಟ್ಟೆಯ ಪರೀಕ್ಷೆಯನ್ನೂ ಕಾರ್ಖಾನೆಯ ಪರೀಕ್ಷೆಯನ್ನೂ ಒಂದುಗೂಡಿಸಿ, ಪ್ರತಿಯೊಂದು ಉಡುಪಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಅದು ಯಾವ ಯಾವ ದೇಶಗಳಲ್ಲಿ ಯಾವ ಯಾವ ಹಂತಗಳನ್ನು ಹಾದುಬಂತೆಂಬುದನ್ನು ಕೊಂಡವನು ತಾನೇ ಹುಡುಕಿ ನೋಡುವಂತೆ ಮಾಡಿದೆ. ಬಣ್ಣ ಹಾಕಿದ ಊರಿನ ಹೆಸರನ್ನೂ ಬಣ್ಣಗಾರನ ಹೆಸರನ್ನೂ ಆ ದಾಖಲೆಯಲ್ಲಿ ಕಡ್ಡಾಯವಾಗಿ ಬರೆಯಿಸುವುದು ಪರವಾನಗಿಯ ನಿಯಮಗಳು ಮುಂದೆ ಇಡಬೇಕಾದ ಹೆಜ್ಜೆ.